ಬೀಗವಿಲ್ಲದ ಮನೆಯಲ್ಲಿ ಒಂದು ರಾತ್ರಿ

ದೀಪಾವಳಿಯ ಕೂಟದ ದಿನದಿಂದ ಇಲ್ಲಿಯವರೆಗೆ ಹತ್ತು ಹನ್ನೆರಡು ಮಂದಿ ನಮ್ಮನ್ನು ಒಂದೇ ವಿಷಯ ಕೇಳಿದ್ದಾರೆ. “ಬೆಟ್ಟದ ಮೇಲೆ ಅದೆಂಥದೋ ಕಲ್ಲಿನ ಮನೆಯಲ್ಲಿ ರಾತ್ರಿ ಇದ್ದು ಬಂದಿರಂತೆ. ಬುಕಿಂಗ್ ಎಲ್ಲಿ? ಬಾಡಿಗೆ ಎಷ್ಟು? ಬೀಗದ ಕೈ ಯಾರ ಹತ್ತಿರ ಇರುತ್ತದೆ?” ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಈ ಸಲದ ಅಂಕಣವನ್ನೇ ಅದಕ್ಕೆ ಮೀಸಲಿಡುವುದು ಮೇಲೆಂದು ತೋರಿತು. ಬುಕಿಂಗ್ ಇಲ್ಲ. ಬಾಡಿಗೆ ಇಲ್ಲ. ಬೀಗದ ಕೈ ಇಲ್ಲ, ಏಕೆಂದರೆ ಬೀಗವಿಲ್ಲ. ಬೀಗ ಏಕಿಲ್ಲವೆಂದರೆ ಬಾಗಿಲಿಲ್ಲ. ಬಾಗಿಲು ಏಕಿಲ್ಲವೆಂದರೆ ಬಾಗಿಲು ಕೂರಿಸಬೇಕಾದ ನಾಲ್ಕನೆಯ ಗೋಡೆಯೇ ಇಲ್ಲ. ಇದ್ದುದಿಷ್ಟೇ: ಮೂರು ಕಡೆ ಕಲ್ಲಿನ ಗೋಡೆ, ಮೇಲೊಂದು ಮಾಡು, ಎದುರಿಗೆ ಕಾಡು. ಕಾವಲುಗಾರನೂ ಇಲ್ಲ, ಅಡಿಗೆಯವನೂ ಇಲ್ಲ.

ಸೀಕಾಕಸ್ಸಿನಲ್ಲಿ ವಾಸಿಸುವ ನಮ್ಮಂಥವರಿಗೆ ಬೆಟ್ಟದ ಹಂಬಲ ಹುಟ್ಟಿದರೆ ಆಶ್ಚರ್ಯವಿಲ್ಲ. ನಮ್ಮೂರು ಸಮುದ್ರಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ಜೌಗು ನೆಲ. ಒಂದು ಕಾಲಕ್ಕೆ ಹಂದಿ ಸಾಕಣೆಗೆ ಹೆಸರಾಗಿತ್ತು, ಈಗ ಗೋದಾಮುಗಳಿಗೆ ಮತ್ತು ಟರ್ನ್‌ಪೈಕಿನ ಸದ್ದಿಗೆ. ನಮ್ಮ ಅಪಾರ್ಟ್‌ಮೆಂಟಿನ ಒಳಗೆ ಬರಬೇಕಾದರೆ ಕೆಳಗಿನ ಬಾಗಿಲಿಗೊಂದು, ಮನೆಯ ಬಾಗಿಲಿಗೆ ಎರಡು, ಒಟ್ಟು ಮೂರು ಬೀಗ ತೆಗೆಯಬೇಕು. ಮೂರು ಬೀಗದವರು ಮೂರು ಗೋಡೆಯ ಮನೆಗೆ ಹೋದೆವು ಅನ್ನಿ.

ನಾವು ಎಂದರೆ ಐದು ಜನ: ಊರಿನಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮ ತಾಯಿಯವರು, ನಮ್ಮ ಮನೆಯಾಕೆ, ಒಂಬತ್ತು ವರ್ಷದ ಮಗಳು, ನಮ್ಮ ಲ್ಯಾಬಿನಲ್ಲೇ ಕೆಲಸ ಮಾಡುವ ಧಾರವಾಡದ ಒಬ್ಬ ಗೆಳೆಯ, ಮತ್ತು ಈ ಅಂಕಣ ಬರೆಯುವವರು. ಹೋದದ್ದು ನ್ಯೂಯಾರ್ಕ್ ರಾಜ್ಯದ ಹ್ಯಾರಿಮನ್ ಪಾರ್ಕಿನ ಫಿಂಗರ್‌ಬೋರ್ಡ್ ಶೆಲ್ಟರಿಗೆ. ರೂಟ್ 17 ಹಿಡಿದು ಉತ್ತರಕ್ಕೆ ಹೋಗಿ, ಸ್ಲೋಟ್ಸ್‌ಬರ್ಗಿನಲ್ಲಿ ಸೆವೆನ್ ಲೇಕ್ಸ್ ಡ್ರೈವಿಗೆ ತಿರುಗಿ, ಟಿಯೊರಾಟಿ ಕೆರೆಯ ಹತ್ತಿರ ಇಳಿದರೆ ಮನೆಯಿಂದ ಸುಮಾರು ಒಂದು ಗಂಟೆ. ಕೆರೆಯ ಬಳಿಯಿಂದ ಹರ್ಸ್ಟ್ ಟ್ರೇಲ್ ಎಂಬ ನೀಲಿ ಗುರುತಿನ ಕಾಲ್ದಾರಿ ಅರ್ಧ ಮೈಲಿ ಏರಿ ನೇರ ಶೆಲ್ಟರಿಗೆ ಮುಟ್ಟಿಸುತ್ತದೆ. ಕಾರಿಲ್ಲದ ಬ್ರಹ್ಮಚಾರಿಗಳಿಗೂ ದಾರಿಯುಂಟು. ನಮ್ಮೂರಿನ ಜಂಕ್ಷನ್ನಿನಲ್ಲೇ ಪೋರ್ಟ್ ಜರ್ವಿಸ್ ಕಡೆಯ ರೈಲು ಹತ್ತಿ ಟಕ್ಸೀಡೋದಲ್ಲಿ ಇಳಿದರೆ, ಊರಿನಿಂದಲೇ ಕಾಲ್ದಾರಿ ಹೊರಡುತ್ತದೆ. ಆದರೆ ಅಲ್ಲಿಂದ ಫಿಂಗರ್‌ಬೋರ್ಡಿಗೆ ಒಂದು ಇಡೀ ದಿನದ ಏರಿಳಿತದ ನಡಿಗೆ. ಮೊಣಕಾಲು ಗಟ್ಟಿ ಇದ್ದವರು ನೋಡಿಕೊಳ್ಳಿ.

ಈ ಪಾರ್ಕಿಗೂ ಒಂದು ಸ್ವಾರಸ್ಯದ ಹಿನ್ನೆಲೆಯಿದೆ. ಕಳೆದ ಶತಮಾನದ ಮೊದಲಲ್ಲಿ ನ್ಯೂಯಾರ್ಕ್ ಸರ್ಕಾರ ಸಿಂಗ್ ಸಿಂಗ್ ಸೆರೆಮನೆಯನ್ನು ಪಕ್ಕದ ಬೇರ್ ಮೌಂಟನ್ನಿಗೆ ಸಾಗಿಸಲು ಹೊರಟಿತ್ತು. ರೈಲ್ವೆ ಸಾಹುಕಾರ ಹ್ಯಾರಿಮನ್ನರ ವಿಧವೆ ಮೇರಿ ಹ್ಯಾರಿಮನ್, ಸೆರೆಮನೆಯ ಯೋಜನೆ ಕೈಬಿಟ್ಟರೆ ಹತ್ತು ಸಾವಿರ ಎಕರೆ ನೆಲವನ್ನೂ ಹತ್ತು ಲಕ್ಷ ಡಾಲರನ್ನೂ ಕೊಡುವುದಾಗಿ ಮುಂದೆ ಬಂದರು. 1910ರಲ್ಲಿ ಅದು ಪಾರ್ಕಾಯಿತು. ಜಗತ್ತಿನಲ್ಲೇ ಅತಿ ಬಿಗಿಯಾದ ಬಾಗಿಲುಗಳು ಬರಬೇಕಾಗಿದ್ದ ಬೆಟ್ಟಸಾಲಿನಲ್ಲಿ ಬಾಗಿಲೇ ಇಲ್ಲದ ಮನೆಗಳು ಬಂದವು.

ಶೆಲ್ಟರುಗಳ ಕಲ್ಪನೆಗೆ ಇನ್ನೊಬ್ಬರ ಹೆಸರು ಹೇಳಬೇಕು. ಬೆಂಟನ್ ಮೆಕೈ ಎಂಬ ಅರಣ್ಯ ತಜ್ಞರು 1921ರಲ್ಲಿ ಒಂದು ವಾಸ್ತುಶಿಲ್ಪದ ಪತ್ರಿಕೆಯಲ್ಲಿ ಲೇಖನ ಬರೆದು, ಅಪಲೇಚಿಯನ್ ಬೆಟ್ಟಗಳ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಕಾಲ್ದಾರಿ ಇರಲಿ, ಒಂದೊಂದು ದಿನದ ಹಿತವಾದ ನಡಿಗೆಗೆ ಒಂದೊಂದು ತಂಗುದಾಣವಿರಲಿ ಎಂದು ಸೂಚಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಸ್ವಿಟ್ಜರ್ಲೆಂಡಿನ ಮಾದರಿ; ಕೆಲವು ಕಡೆ ಊಟವೂ ಸಿಗಬೇಕೆಂಬ ಯೋಚನೆ. ಊಟ ಬರಲಿಲ್ಲ. ದಾರಿ ಬಂತು. ಅದರ ಮೊಟ್ಟಮೊದಲ ತುಂಡು, ಬೇರ್ ಮೌಂಟನ್ನಿನಿಂದ ಆರ್ಡನ್ನಿನವರೆಗೆ, 1923ರ ಅಕ್ಟೋಬರ್ 7ರಂದು ತೆರೆಯಿತು. ನಾವು ಮಲಗಿದ ಶೆಲ್ಟರು ಆ ಮೊದಲ ತುಂಡಿನ ಮೇಲೆಯೇ ಇದೆ, ಕಟ್ಟಿದ್ದು 1928ರಲ್ಲಿ. ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹದಿನಾಲ್ಕು ರಾಜ್ಯಗಳನ್ನು ಹಾಯುವ ಆ ದಾರಿ 1937ರಲ್ಲಿ ಪೂರ್ತಿಯಾಯಿತು. ಈಗ ಅದರ ಉದ್ದ 2,190 ಮೈಲಿಗೂ ಸ್ವಲ್ಪ ಹೆಚ್ಚು, ಶೆಲ್ಟರುಗಳು ಇನ್ನೂರೈವತ್ತಕ್ಕೂ ಮೇಲೆ. ನಾವೆಲ್ಲ ವಾರವಾರ ಪಟೇಲ್ ಬ್ರದರ್ಸಿಗೆ ಸಾಮಾನು ತರಲು ಹೋಗುವಾಗ ಇಷ್ಟು ದೊಡ್ಡ ವಸ್ತು ಗಂಟೆಯ ದೂರದಲ್ಲಿದೆ ಎಂಬುದು ಹೊಳೆಯುವುದೇ ಇಲ್ಲ.

ಶೆಲ್ಟರು ಕಂಡ ಕೂಡಲೇ ಧಾರವಾಡದ ಗೆಳೆಯ, “ಏನ್ರೀ ಇದು, ಬಾಗ್ಲಾನೂ ಇಲ್ಲ, ಕಿಟಕೀನೂ ಇಲ್ಲ. ಇದಕ್ಕ ಇಷ್ಟು ದೂರ ಬಂದ್ವೇನು?” ಎಂದ. ನಮ್ಮ ತಾಯಿಯವರು ಮಾತಾಡದೆ ಒಳಗೆ ಹೋಗಿ ಗೋಡೆ ತಟ್ಟಿ ನೋಡಿದರು, ಒಂದು ಮೂಲೆಯ ಕಸ ಕಾಲಿನಲ್ಲೇ ಸರಿಸಿದರು, ಕೂತರು. “ನಮ್ಮ ಜಗಲಿ ಇದ್ದ ಹಾಗೇ ಇದ್ಯಲ್ಲೋ” ಎಂದರು.

ಅವರು ಹೊಸನಗರದ ಕಡೆಯವರು. ಅವರ ಬಾಲ್ಯದಲ್ಲಿ ಜಗಲಿಯೆಂದರೆ ಯಾರು ಬೇಕಾದರೂ ಬಂದು ಮಲಗಬಹುದಾದ ಜಾಗ. ಗಾಡಿಯವರು, ಕೊಪ್ಪರಿಗೆಗೆ ಕಲಾಯಿ ಹಾಕುವವರು, ಕೊಲ್ಲೂರಿಗೆ ನಡೆದು ಹೋಗುವವರು. ಬೆಳಿಗ್ಗೆ ಎದ್ದು ನೋಡಿದರೆ ಮಲಗಿದ್ದವನು ಹೊರಟುಹೋಗಿರುತ್ತಿದ್ದ, ಹೆಸರು ಕೂಡ ಗೊತ್ತಾಗುತ್ತಿರಲಿಲ್ಲವಂತೆ. ಕೊಡಚಾದ್ರಿಯ ತುದಿಯ ಸರ್ವಜ್ಞ ಪೀಠವೂ ಹೀಗೇ, ಒಂದು ಪುಟ್ಟ ಕಲ್ಲು ಮಂಟಪ. ಕುಮಾರಪರ್ವತಕ್ಕೆ ಕುಕ್ಕೆಯ ಕಡೆಯಿಂದ ಹತ್ತಿದವರಿಗೆ ಗಿರಿಗದ್ದೆಯ ಭಟ್ಟರ ಮನೆಯ ಊಟ ಹೇಗೆ ನೆನಪೋ ಅದರ ಮೇಲಿನ ಕಲ್ಲು ಮಂಟಪವೂ ಹಾಗೆಯೇ ನೆನಪು. ಭಟ್ಟರ ಮನೆಯಲ್ಲಿ ಅನ್ನ ಹಾಕುವವರಿದ್ದರು. ಮಂಟಪದಲ್ಲಿ ಯಾರೂ ಇಲ್ಲ, ನಾಲ್ಕು ಕಂಬ ಮತ್ತು ಹತ್ತಿರದಲ್ಲೊಂದು ನೀರು. ಅದು ಈಗ ಪುಷ್ಪಗಿರಿ ವನ್ಯಧಾಮದೊಳಗೆ ಸೇರಿದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹತ್ತುವಂತಿಲ್ಲ. ಕಾವಲಿಲ್ಲದ ತಂಗುದಾಣ ಅಮೆರಿಕದವರು ಕಂಡುಹಿಡಿದ ಪದಾರ್ಥವೆಂದು ಯಾರಾದರೂ ಹೇಳಿದರೆ ನಮ್ಮ ತಾಯಿಯವರ ಹತ್ತಿರ ಕಳಿಸಿ.

ಎತ್ತರದ ಲೆಕ್ಕದಲ್ಲಿ ಫಿಂಗರ್‌ಬೋರ್ಡ್ ಬೆಟ್ಟ 1,343 ಮೀಟರಿನ ಕೊಡಚಾದ್ರಿಯ ಅರ್ಧಕ್ಕೂ ಬರುವುದಿಲ್ಲ. ವಯಸ್ಸಿನಲ್ಲೂ ನಮ್ಮ ಕಡೆಯದೇ ಹಿರಿದು. ಇಲ್ಲಿನ ನೈಸ್ ಶಿಲೆ ನೂರು ಕೋಟಿ ವರ್ಷಕ್ಕಿಂತ ತುಸು ಹಳೆಯದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಮುನ್ನೂರು ಕೋಟಿ. ಇದನ್ನು ಮಗಳಿಗೆ ಹೇಳಿದಾಗ ಅವಳು, “ಹಾಗಾದರೆ ಇದು ಮೊಮ್ಮಗ ಬೆಟ್ಟ” ಎಂದಳು.

ನೀರಿನ ಮಾತು ಮೊದಲು ಹೇಳಿಬಿಡುತ್ತೇವೆ. ಇಲ್ಲಿನ ಒರತೆಯನ್ನು ನಂಬುವಂತಿಲ್ಲ, ಬೇಸಿಗೆಯ ಕೊನೆಗೆ ಬತ್ತುತ್ತದೆ. ನಾವು ತಲೆಗೆ ಮೂರು ಲೀಟರಿನಂತೆ ಹೊತ್ತುಕೊಂಡೇ ಹೋದೆವು. ಒರತೆಯಲ್ಲಾಗಲಿ ಕೆರೆಯಲ್ಲಾಗಲಿ ತುಂಬಿಸಿದ ನೀರನ್ನು ಹಾಗೇ ಕುಡಿಯಬಾರದು, ನೋಡಲು ಎಷ್ಟೇ ತಿಳಿಯಾಗಿರಲಿ. ಜಿಯಾರ್ಡಿಯಾ ಎಂಬ ಏಕಕೋಶ ಜೀವಿ ಹೊಟ್ಟೆಯನ್ನು ವಾರಗಟ್ಟಲೆ ಕೆಡಿಸುತ್ತದೆ. ಅಂಗಡಿಯ ಅಯೋಡಿನ್ ಗುಳಿಗೆ ಬ್ಯಾಕ್ಟೀರಿಯಾಕ್ಕೆ ಸರಿ, ಆದರೆ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಇನ್ನೊಂದು ಜೀವಿಯ ಗಟ್ಟಿ ಚಿಪ್ಪನ್ನು ಅದು ದಾಟುವುದಿಲ್ಲ. ಕ್ಲೋರಿನ್ ಡೈಆಕ್ಸೈಡ್ ದಾಟುತ್ತದೆ, ನಾಲ್ಕು ಗಂಟೆ ಕಾಯುವ ತಾಳ್ಮೆ ಬೇಕು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ನಾವು ಕೊಡುವ ಸಲಹೆ ನಿಮ್ಮ ಅಜ್ಜಿ ಕೊಡುತ್ತಿದ್ದದ್ದೇ: ಕಾಯಿಸಿ ಕುಡಿಯಿರಿ. ಒಂದು ನಿಮಿಷ ಕುದಿ ಬಂದರೆ ಈ ಎತ್ತರದಲ್ಲಿ ಸಾಕು.

ಊಟಕ್ಕೆ ಬುತ್ತಿ ಕಟ್ಟಿದ್ದು ಪುಳಿಯೋಗರೆ, ಚಪಾತಿ, ಸಾರಿನ ಪುಡಿ. ಇಲ್ಲಿ ಕರಡಿಯ ಪ್ರಸ್ತಾಪ ಮಾಡಲೇಬೇಕು. ಹ್ಯಾರಿಮನ್ನಿನಲ್ಲಿ ಕಪ್ಪು ಕರಡಿಗಳಿವೆ. ನಮ್ಮ ಕಡೆಯ ಕರಡಿಯಂತೆ ಅವು ಕಂಡವರ ಮೇಲೆ ಬೀಳುವುದು ಕಡಿಮೆ. ಅವಕ್ಕೆ ಬೇಕಾದ್ದು ನಿಮ್ಮ ಬುತ್ತಿ. ಒಂದು ಸಲ ಶೆಲ್ಟರಿನಲ್ಲಿ ಊಟ ಸಿಕ್ಕಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾಗಿ ಬರುತ್ತದೆ. ಇಂಗಿನ ವಾಸನೆಗೆ ಕಾರಣ ಅದರಲ್ಲಿರುವ ಗಂಧಕದ ಡೈಸಲ್ಫೈಡುಗಳು. ಅವು ಸುಲಭವಾಗಿ ಆವಿಯಾಗುತ್ತವೆ, ಪ್ಲಾಸ್ಟಿಕ್ ಚೀಲದ ಗೋಡೆಯನ್ನೇ ಹಾಯ್ದು ಹೊರಬರುತ್ತವೆ. ಮನುಷ್ಯನ ಮೂಗಿಗೇ ಮೂರು ಮನೆಯಾಚೆ ಗೊತ್ತಾಗುವ ಒಗ್ಗರಣೆ ಕರಡಿಯ ಮೂಗಿಗೆ ಎಷ್ಟು ದೂರದಿಂದ ಗೊತ್ತಾದೀತು? ಆದ್ದರಿಂದ ತಿಂಡಿ ತೀರ್ಥ, ಟೂತ್‌ಪೇಸ್ಟು, ನಮ್ಮ ತಾಯಿಯವರ ಅಮೃತಾಂಜನ ಸಹಿತ ಎಲ್ಲವನ್ನೂ ಗಟ್ಟಿ ಮುಚ್ಚಳದ ಬೇರ್ ಕ್ಯಾನಿಸ್ಟರಿನಲ್ಲಿ ತುಂಬಿ ಮಲಗುವ ಜಾಗದಿಂದ ದೂರ ಇಟ್ಟೆವು. ಅಮೃತಾಂಜನವನ್ನು ಬಿಟ್ಟುಕೊಡಲು ಮಾತ್ರ ಅವರು ಸುಲಭವಾಗಿ ಒಪ್ಪಲಿಲ್ಲ. ಕರಡಿ ಬರಲಿಲ್ಲ, ಇಲಿಗಳು ಬಂದವು. ಶೆಲ್ಟರಿನ ಖಾಯಂ ನಿವಾಸಿಗಳು ಅವೇ.

ಏಳು ಗಂಟೆಗೆ ಕತ್ತಲಾಯಿತು, ಏಳೂವರೆಗೆ ಮಳೆ ಹಿಡಿಯಿತು. ಅಕ್ಟೋಬರಿನ ಮಳೆ, ಜೊತೆಗೆ ಗಾಳಿ. ತೆರೆದ ಕಡೆಯಿಂದ ಎರಚಲು ಬರತೊಡಗಿದಾಗ ಗೆಳೆಯ ತಂದಿದ್ದ ಟಾರ್ಪಾಲನ್ನು ಬಿಚ್ಚಿ ಅಡ್ಡಲಾಗಿ ಪೂರಾ ಕಟ್ಟಿಬಿಡೋಣ ಎಂದ. ಅರ್ಧಕ್ಕಷ್ಟೇ ಕಟ್ಟಲು ಬಿಟ್ಟೆವು. ಕಾರಣವನ್ನು ಇಲ್ಲಿ ವಿವರಿಸುತ್ತೇವೆ, ಏಕೆಂದರೆ ಚಳಿಗಾಲದಲ್ಲಿ ಕ್ಯಾಂಪಿಗೆ ಹೋಗುವ ನಮ್ಮ ಹುಡುಗರು ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಆ ಶೆಲ್ಟರಿನ ಗೋಡೆಯಲ್ಲೇ ಬೆಂಕಿಗೂಡು ಇದೆ. ಹಸಿ ಸೌದೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ನಾಲ್ಕನೆಯ ಗೋಡೆಯನ್ನೂ ಮುಚ್ಚಿದರೆ ಇಂಗಾಲದ ಮೊನಾಕ್ಸೈಡ್ ಒಳಗೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ಡೇರೆಯೊಳಗೆ ಸ್ಟೋವ್ ಹಚ್ಚುವವರಿಗೂ ಇದೇ ಗತಿ. ತೆರೆದ ಗೋಡೆಯ ಮೂಲಕ ಚಳಿ ಬರುತ್ತದೆಯೆಂದು ಗೊಣಗುವವರು ಉಸಿರು ಬರುವುದೂ ಅಲ್ಲಿಂದಲೇ ಎಂದು ತಿಳಿಯಬೇಕು.

ಒಂಬತ್ತು ಗಂಟೆಯ ಹೊತ್ತಿಗೆ ನಾವೆಲ್ಲ ಸ್ಲೀಪಿಂಗ್ ಬ್ಯಾಗಿನಲ್ಲಿ ಸೇರಿಕೊಂಡು ಗೆಳೆಯನ ಕಥೆ ಕೇಳುತ್ತಿದ್ದಾಗ ಮರಗಳ ನಡುವೆ ಒಂದು ಬೆಳಕು ಕಂಡಿತು. ಅದು ನೆಟ್ಟಗೆ ಬರುತ್ತಿರಲಿಲ್ಲ. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಮಾತು ನಿಂತಿತು. ನಮ್ಮ ಮನೆಯಾಕೆ ಮಗಳನ್ನು ಗೋಡೆಯ ಕಡೆಗೆ ಸರಿಸಿಕೊಂಡರು. ಬಂದವನು ಇಪ್ಪತ್ತು ವರ್ಷದ ಹುಡುಗ, ಒಬ್ಬನೇ. ಜೀನ್ಸು, ಹತ್ತಿಯ ಸ್ವೆಟ್‌ಶರ್ಟು, ಎರಡೂ ತೊಯ್ದು ತೊಪ್ಪೆ. ಟಾರ್ಪಾಲಿನ ಆಚೆ ನಿಂತು ಏನೋ ಹೇಳಿದ, ಮಾತು ತೊದಲುತ್ತಿತ್ತು. ಕುಡಿದಿದ್ದಾನೆ ಎಂದು ನಮ್ಮ ಮನೆಯಾಕೆ ಕನ್ನಡದಲ್ಲಿ ಹೇಳಿದರು.

ಕುಡಿದದ್ದಲ್ಲ, ಚಳಿ. ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿಯತೊಡಗಿದಾಗ ಮನುಷ್ಯ ಕುಡಿದವನ ಹಾಗೆಯೇ ಕಾಣುತ್ತಾನೆ: ತೊದಲುತ್ತಾನೆ, ಎಡವುತ್ತಾನೆ, ಗುಂಡಿ ಹಾಕಲು ತೆಗೆಯಲು ಬೆರಳು ಮಾತು ಕೇಳುವುದಿಲ್ಲ, ಸುಮ್ಮಸುಮ್ಮನೆ ಸಿಡುಕುತ್ತಾನೆ. ನಡುಗುವವರೆಗೆ ಪರವಾಗಿಲ್ಲ. ನಡುಕ ತಾನಾಗಿ ನಿಂತರೆ ಗಂಡಾಂತರ. ಈ ಹುಡುಗ ಇನ್ನೂ ನಡುಗುತ್ತಿದ್ದ. ಹೊರಗೆ ಹಿಮವಿರಲಿಲ್ಲ, ಐದಾರು ಡಿಗ್ರಿ ಇದ್ದೀತು. ಇಷ್ಟಕ್ಕೆ ಸಾಯುತ್ತಾರೆಯೇ ಎಂದು ಕೇಳುವವರುಂಟು. ಸಾಯುತ್ತಾರೆ. ಲೆಕ್ಕ ಹೀಗೆ: ಮೈಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಅದನ್ನು ಅದು ಮೈಯಿಂದಲೇ ಕೀಳುತ್ತದೆ. ತೊಯ್ದ ಜೀನ್ಸು ಮತ್ತು ಅಂಗಿಯಲ್ಲಿ ಅರ್ಧ ಲೀಟರ್ ನೀರಿದೆಯೆಂದು ಹಿಡಿಯಿರಿ. ಅದು ಪೂರ್ತಿ ಒಣಗುವಷ್ಟರಲ್ಲಿ ಆಹಾರದ ಲೆಕ್ಕದ 290 ಕ್ಯಾಲೊರಿ ಹೋಯಿತು, ಎಂದರೆ ಒಂದು ಹೊತ್ತಿನ ತಿಂಡಿ. ಗಾಳಿ ಬೀಸಿದಷ್ಟೂ ಅದು ಬೇಗ. ನಮ್ಮ ಹಳೆಯ ಮಣ್ಣಿನ ಹೂಜಿ ಬೇಸಿಗೆಯಲ್ಲಿ ನೀರನ್ನು ತಣ್ಣಗಿಡುವುದೂ ಇದೇ ಉಪಾಯದಿಂದ. ಆ ಹುಡುಗ ಎರಡು ಗಂಟೆ ಹೂಜಿಯಾಗಿ ನಡೆದುಬಂದಿದ್ದ.

ನಾವು ಈ ಲೆಕ್ಕವನ್ನೆಲ್ಲ ಮನಸ್ಸಿನಲ್ಲಿ ಹಾಕುತ್ತಿರುವಾಗ ನಮ್ಮ ತಾಯಿಯವರು ಎದ್ದು ತಮ್ಮ ಹಾಸಿಗೆಯನ್ನು ನಡುವಿಗೆ ಎಳೆದು, ಮೂಲೆಯನ್ನು ಖಾಲಿ ಮಾಡಿದ್ದರು. “ಒಳಗೆ ಬಾರಪ್ಪ, ಅಲ್ಲೆಂತ ನಿಂತಿದ್ದಿ” ಎಂದರು. ಅವನಿಗೆ ಕನ್ನಡ ಬರುತ್ತಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಂದ.

ಒದ್ದೆ ಬಟ್ಟೆ ತೆಗೆಸಿದೆವು. ಗೆಳೆಯನ ಒಣ ಉಣ್ಣೆಯ ಸ್ವೆಟರು, ಅದರ ಕೆಳಗೆ ಅವನದೇ ಚೌಕುಳಿ ಲುಂಗಿ, ಮೇಲೆ ನಮ್ಮ ತಾಯಿಯವರ ಕಂಬಳಿ. ಹ್ಯಾರಿಮನ್ ಪಾರ್ಕಿನ ಚರಿತ್ರೆಯಲ್ಲಿ ಲುಂಗಿಯುಟ್ಟ ಮೊದಲ ಅಮೆರಿಕನ್ ಅವನೇ ಇದ್ದಾನು. ಮೈ ಉಜ್ಜಲು ಗೆಳೆಯ ಹೊರಟಾಗ ತಡೆದೆವು. ಉಜ್ಜಿದರೆ ಕೈಕಾಲಿನ ತಣ್ಣನೆಯ ರಕ್ತ ಎದೆಗೆ ನುಗ್ಗುತ್ತದೆ. ಬ್ರಾಂದಿ ಇದ್ದಿದ್ದರೂ ಕೊಡಕೂಡದು, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ನುಂಗುವಷ್ಟು ಎಚ್ಚರವಿದ್ದವನಿಗೆ ಬಿಸಿಯಾದ ಸಿಹಿ ಕೊಡಬೇಕು. ಬೆಲ್ಲ ಹಾಕಿದ ಬಿಸಿನೀರು ಕುಡಿಸಿ, ಆಮೇಲೆ ಸಾರು ಕೊಟ್ಟೆವು. ಮೊದಲ ಗುಟುಕಿಗೆ ಅವನ ಕಣ್ಣಲ್ಲಿ ನೀರು ಬಂತು. ಅದು ಕೃತಜ್ಞತೆಯೋ ಬ್ಯಾಡಗಿ ಮೆಣಸಿನಕಾಯಿಯೋ ನಿರ್ಧರಿಸಲು ನಮ್ಮಲ್ಲಿ ಉಪಕರಣವಿರಲಿಲ್ಲ. ಒಂದು ಗಂಟೆಯೊಳಗೆ ನಡುಕ ತಗ್ಗಿತು, ಮಾತು ನೆಟ್ಟಗಾಯಿತು. ಟಕ್ಸೀಡೋದಲ್ಲಿ ರೈಲು ಇಳಿದು ಬೆಳಿಗ್ಗೆಯೇ ಹೊರಟವನು, ಮೊಬೈಲಿನಲ್ಲಿ ನಕ್ಷೆ ನೋಡುತ್ತಿದ್ದನಂತೆ. ಬ್ಯಾಟರಿ ಮುಗಿಯಿತು, ನಕ್ಷೆಯೂ ಮುಗಿಯಿತು.

ಮಳೆ ಬರುವಾಗ ಯಾವ ಶೆಲ್ಟರೂ ಭರ್ತಿಯಾಗುವುದಿಲ್ಲ ಎಂಬುದು ಈ ದಾರಿಯವರ ನಡುವೆ ಇರುವ ರೂಢಿಯ ಮಾತು. ಎಂಟು ಜನ ಮಲಗುವಲ್ಲಿ ಹನ್ನೆರಡು ಜನ ಸರಿದುಕೊಳ್ಳಬೇಕು, ಮೊದಲು ಬಂದವನಿಗೆ ಮಾಲೀಕತ್ವವಿಲ್ಲ. ಸ್ಕಾಟ್ಲೆಂಡಿನಲ್ಲಿ ಬಾತಿ ಎನ್ನುವ ಹಳೆಯ ಕುರುಬರ ಮನೆಗಳಿವೆ. 1965ರಲ್ಲಿ ಹುಟ್ಟಿದ ಒಂದು ಸ್ವಯಂಸೇವಕರ ಸಂಘ ಅಂಥ ನೂರರಷ್ಟು ಮನೆಗಳನ್ನು ನೋಡಿಕೊಳ್ಳುತ್ತದೆ, ಯಾವುದಕ್ಕೂ ಬೀಗ ಹಾಕುವುದಿಲ್ಲ. ನ್ಯೂಜಿಲೆಂಡಿನಲ್ಲಿ ಸರ್ಕಾರದ್ದೇ ಒಂಬೈನೂರಕ್ಕೂ ಹೆಚ್ಚು ಗುಡಿಸಲುಗಳಿವೆ, ಬಹುಪಾಲಿನಲ್ಲಿ ಯಾರೂ ಇರುವುದಿಲ್ಲ. ನಾರ್ವೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಕೆಲವು ಬೆಟ್ಟದ ಮನೆಗಳ ಉಗ್ರಾಣದಲ್ಲಿ ಆಹಾರದ ಡಬ್ಬಿಗಳಿರುತ್ತವೆ, ತಿಂದವರು ಲೆಕ್ಕ ಬರೆದು ಹಣ ಕಟ್ಟುತ್ತಾರೆ. ನಾರ್ವೆಯ ಮನೆಗೆ ಬೀಗವುಂಟು, ಆದರೆ ಸಂಘದ ಸದಸ್ಯರಿಗೆಲ್ಲ ಒಂದೇ ಬೀಗದ ಕೈ.

ಇಷ್ಟೆಲ್ಲ ಓದಿ ಇದು ಸತ್ಯಯುಗವೆಂದು ತಿಳಿಯಬೇಡಿ. ಮಾರನೆಯ ದಿನ ಕಾರಿನಲ್ಲಿ ಬರುವಾಗ ನಮ್ಮ ಮನೆಯಾಕೆ ಕೇಳಿದರು: “ಹುಡುಗ ಒಳ್ಳೆಯವನಾಗಿದ್ದ, ಸರಿ. ಆಗಿರದಿದ್ದರೆ?” ಅವರು ಇಡೀ ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಒಂದು ಕೈ ಮಗಳ ಮೇಲೆ, ಇನ್ನೊಂದು ಕೈಯಲ್ಲಿ ಟಾರ್ಚು. ಅವರ ಪ್ರಶ್ನೆ ಗಾಳಿಯಲ್ಲಿ ತೂರುವಂಥದ್ದಲ್ಲ. 1990ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಇದೇ ಕಾಲ್ದಾರಿಯ ಒಂದು ಶೆಲ್ಟರಿನಲ್ಲಿ ಮಲಗಿದ್ದ ಇಬ್ಬರ ಕೊಲೆಯಾಯಿತು. ಕೊನೆಗೆ ಅದನ್ನು ತೆಗೆದು ಹತ್ತು ವರ್ಷದ ಮೇಲೆ ಹೊಸದು ಕಟ್ಟಿದರು. ವರ್ಷಕ್ಕೆ ಮೂವತ್ತು ಲಕ್ಷ ಜನ ಕಾಲಿಡುವ ದಾರಿಯಲ್ಲಿ ಇಂಥವು ಬೆರಳೆಣಿಕೆಯಷ್ಟು ಎಂದು ನಾವು ಅಂಕಿ ಸಂಖ್ಯೆ ಹೇಳಿದೆವು. ರಾತ್ರಿಯೆಲ್ಲ ಎಚ್ಚರವಿದ್ದ ತಾಯಿಗೆ ಅಂಕಿ ಸಂಖ್ಯೆ ಹೇಳುವವನು ಮುಖ ನೋಡಿಕೊಂಡು ಹೇಳಬೇಕು. ನಮ್ಮ ತಾಯಿಯವರು ಹಿಂದಿನ ಸೀಟಿನಿಂದ, “ಹಿಂದೆ ಜಗಲಿಯಲ್ಲಿ ಮಲಗಿದವನು ಕೊಡ ಹೊತ್ತುಕೊಂಡು ಹೋಗಿದ್ದೂ ಉಂಟು ಮಾರಾಯ್ತಿ. ಅವತ್ತು ರಾತ್ರಿ ಅಪ್ಪಯ್ಯ ಜಗಲಿಯಲ್ಲೇ ಮಲಗಲಿಕ್ಕೆ ಶುರು ಮಾಡಿದ್ರು. ಜಗಲಿಗೆ ಬಾಗಿಲು ಇಡಲಿಲ್ಲ” ಎಂದರು. ನಮ್ಮ ಮನೆಯಾಕೆ ಉತ್ತರ ಕೊಡಲಿಲ್ಲ, ಒಪ್ಪಲೂ ಇಲ್ಲ. ಇಬ್ಬರ ಮಾತಿಗೂ ಗೌರವ ಕೊಟ್ಟು ಒಂದು ವಿಷಯ ಹೇಳಬಹುದು: ಒಬ್ಬಂಟಿಯಾಗಿ ಹೋಗುವವರು, ಅದರಲ್ಲೂ ನಮ್ಮ ಹೆಣ್ಣುಮಕ್ಕಳು, ರಸ್ತೆಗೆ ತೀರ ಹತ್ತಿರವಿರುವ ಶೆಲ್ಟರನ್ನು ಬಿಟ್ಟು ಮುಂದಿನದಕ್ಕೆ ಹೋಗುವುದು ಲೇಸು. ಗಲಾಟೆ ಮಾಡಲು ಬರುವವರು ಬೆನ್ನ ಮೇಲೆ ಹೊರೆ ಹೊತ್ತು ಐದು ಮೈಲಿ ನಡೆಯುವುದಿಲ್ಲ.

ಬೆಳಿಗ್ಗೆ ಚಳಿ ಎರಡು ಡಿಗ್ರಿಗೆ ಇಳಿದಿತ್ತು, ಕಾಫಿಗೆ ಸ್ಟೋವ್ ಹಚ್ಚಿದರೆ ಜ್ವಾಲೆ ಸತ್ತಂತೆ. ಅಗ್ಗದ ಡಬ್ಬಿಗಳಲ್ಲಿ ಇರುವುದು ಬರೀ ಬ್ಯೂಟೇನು. ಅದರ ಕುದಿಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಉರಿಯುತ್ತ ಉರಿಯುತ್ತ ಡಬ್ಬಿ ತಾನೇ ತಣ್ಣಗಾಗಿ ಗ್ಯಾಸು ಏಳುವುದು ನಿಲ್ಲುತ್ತದೆ. ಪ್ರೊಪೇನ್ ಬೆರೆತದ್ದನ್ನು ಕೊಳ್ಳಿರಿ, ಅದು ಸೊನ್ನೆಯ ಕೆಳಗೆ 42ರವರೆಗೆ ಕುದಿಯುತ್ತದೆ. ನಮಗೆ ಬೆಂಕಿಗೂಡಿನ ಕೆಂಡದ ಮೇಲೆ ಕಾಫಿಯಾಯಿತು. ಹುಡುಗ ಲುಂಗಿ ಮಡಿಸಿ ಕೊಟ್ಟು, ನಮ್ಮ ತಾಯಿಯವರಿಗೆ ಕೈ ಮುಗಿದ, ಯಾರು ಕಲಿಸಿದರೋ. ಕಾರಿನವರೆಗೆ ಬಂದರೆ ಊರಿಗೆ ಬಿಡುತ್ತೇವೆಂದರೂ ಕೇಳಲಿಲ್ಲ, ಗೆಳೆಯನ ಕಾಗದದ ನಕ್ಷೆ ಪಡೆದು ದಕ್ಷಿಣಕ್ಕೆ ಹೊರಟ. ಶೆಲ್ಟರುಗಳಲ್ಲಿ ಒಂದು ನೋಟುಪುಸ್ತಕವಿಡುವ ವಾಡಿಕೆಯುಂಟು. ಬಂದವರು ದಿನಾಂಕ, ಹೆಸರು, ಮುಂದೆ ಎಲ್ಲಿಗೆ ಎಂದು ಬರೆಯುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಅದನ್ನೇ. ನಾವು ಇಂಗ್ಲಿಷಿನಲ್ಲಿ ಬರೆದ ಮೇಲೆ ನಮ್ಮ ತಾಯಿಯವರು ಪೆನ್ನು ಕೇಳಿ ಪಡೆದು ಕನ್ನಡದಲ್ಲಿ ತಮ್ಮ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಪಿನ್ ಕೋಡ್ ಸಮೇತ ಬರೆದರು.

ಇನ್ನು ನಮ್ಮ ಸಂಘದ ವಿಷಯ. ವಸಂತದ ಪಿಕ್ನಿಕ್ಕನ್ನು ಈ ಸಲ ಶೆಲ್ಟರಿನಲ್ಲೇ ಮಾಡೋಣ, ನಲವತ್ತು ಜನ ಹೋಗೋಣ ಎಂಬ ಉತ್ಸಾಹದ ಮಾತು ನಮ್ಮ ಕಿವಿಗೆ ಬಿದ್ದಿದೆ. ದಯಮಾಡಿ ಬೇಡ. ಎಂಟು ಜನ ಮಲಗುವ ಜಾಗಕ್ಕೆ ನಲವತ್ತು ಜನ ಹೋದರೆ ಮಳೆಯಲ್ಲಿ ತೊಯ್ದು ಬರುವ ಆ ರಾತ್ರಿಯ ಹುಡುಗನಿಗೆ ಮೂಲೆ ಎಲ್ಲಿ? ನಾಲ್ಕು ನಾಲ್ಕು ಜನ ಬೇರೆ ಬೇರೆ ವಾರ ಹೋಗಿ. ರಾತ್ರಿ ಕಾರು ಎಲ್ಲಿ ಬಿಡಬಹುದೆಂದು ಪಾರ್ಕಿನವರನ್ನು ಮೊದಲೇ ಕೇಳಿಕೊಳ್ಳಿ. ನ್ಯೂಜೆರ್ಸಿಯ ಕಡೆಯ ಶೆಲ್ಟರುಗಳಲ್ಲಿ ಬೆಂಕಿ ಹಚ್ಚುವಂತಿಲ್ಲ, ಹ್ಯಾರಿಮನ್ನಿನಲ್ಲಿ ಕಟ್ಟಿದ ಗೂಡಿನಲ್ಲಿ ಮಾತ್ರ, ಅದೂ ಬಿದ್ದ ಸೌದೆಯಿಂದ. ಮೇಯಿಂದ ಅಕ್ಟೋಬರ್‌ವರೆಗೆ ಉಣ್ಣಿಗಳನ್ನು ಹುಡುಕಿ ಕೀಳುವುದನ್ನು ಮರೆಯಬೇಡಿ. ಲೈಮ್ ರೋಗಕ್ಕೆ ಹೆಸರು ಬಂದದ್ದು ಪಕ್ಕದ ಕನೆಕ್ಟಿಕಟ್ಟಿನ ಲೈಮ್ ಎಂಬ ಊರಿನಿಂದಲೇ. ನಗರವನ್ನು ಬಿಟ್ಟಿರಲಾರದವರಿಗೆ ವೆಸ್ಟ್ ಮೌಂಟನ್ ಶೆಲ್ಟರು ಒಳ್ಳೆಯದು. ಅದೂ 1928ರದ್ದೇ. ಮೋಡವಿಲ್ಲದ ರಾತ್ರಿ ಹಡ್ಸನ್ ನದಿಯಾಚೆ ದೂರದಲ್ಲಿ ಮ್ಯಾನ್‌ಹಟನ್ನಿನ ದೀಪಗಳು ಕಾಣುತ್ತವೆ. ನೀರು ಮಾತ್ರ ಇಲ್ಲ, ಹೊತ್ತುಕೊಂಡೇ ಹತ್ತಬೇಕು.

ಪಿಕ್ನಿಕ್ಕಿನ ಬದಲಿಗೆ ಸಂಘದವರಿಗೆ ನಮ್ಮದೊಂದು ಸೂಚನೆ. ಈ ಮನೆಗಳನ್ನು ನೋಡಿಕೊಳ್ಳುವವರು ಸಂಬಳದವರಲ್ಲ. 1920ರಿಂದ ಇರುವ ನ್ಯೂಯಾರ್ಕ್-ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್ ಎಂಬ ಸಂಸ್ಥೆಯ ಸ್ವಯಂಸೇವಕರು ದಾರಿಯ ಗುರುತು ಬಳಿಯುತ್ತಾರೆ, ಬಿದ್ದ ಮರ ಕಡಿಯುತ್ತಾರೆ, ಶೆಲ್ಟರಿನ ಕಸ ಹೊರುತ್ತಾರೆ. ಯಾರು ಬೇಕಾದರೂ ಸೇರಬಹುದು, ಕನ್ನಡಿಗರಿಗೆ ಅಡ್ಡಿಯಿಲ್ಲ. ನಾವೂ ಧಾರವಾಡದ ಗೆಳೆಯನೂ ಮಾರ್ಚಿನಲ್ಲಿ ಒಂದು ಶನಿವಾರ ಎರಡು ದೊಡ್ಡ ಚೀಲ ತೆಗೆದುಕೊಂಡು ಹೋದೆವು. ಬೆಂಕಿಗೂಡಿನ ಬೂದಿ ಕೆದಕಿದರೆ ತುಂಬ ಅಲ್ಯೂಮಿನಿಯಂ ಹಾಳೆ. ಅದು ಬೆಂಕಿಯಲ್ಲಿ ಸುಟ್ಟುಹೋಗುತ್ತದೆಂದು ಜನ ತಿಳಿದಿದ್ದಾರೆ. ಅದು ಕರಗಲಿಕ್ಕೇ 660 ಡಿಗ್ರಿ ಬೇಕು, ಕರಗಿದರೂ ಎಲ್ಲಿಗೂ ಹೋಗುವುದಿಲ್ಲ, ಬೂದಿಯ ಕೆಳಗೆ ಮಣಿಯಾಗಿ ಕೂತಿರುತ್ತದೆ. ಹರಿದ ಡೇರೆಯೊಂದು, ಒದ್ದೆ ಸ್ಲೀಪಿಂಗ್ ಬ್ಯಾಗೊಂದು, ಬಿಯರ್ ಡಬ್ಬಿಗಳು, ಖಾಲಿ ಗ್ಯಾಸಿನ ಡಬ್ಬಿಗಳು ಸಿಕ್ಕವು. ಎರಡನೆಯ ಚೀಲ ಕಟ್ಟುವಾಗ ಗೆಳೆಯ ಗೋಡೆಯ ಸಂದಿನಿಂದ ಒಂದು ಕಪ್ಪು ರಬ್ಬರಿನ ಬಳೆಯನ್ನು ಎಳೆದು ತೆಗೆದ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟು. ಯಾವ ಸಮಾಜದವರು ಬಿಟ್ಟು ಹೋದದ್ದೆಂದು ನಾವು ವಿಚಾರಿಸಲು ಹೋಗಲಿಲ್ಲ.